ಓಆರ್‌ಎಂ ಬಳಸಿ, ಆದ್ರೆ ಅದು ಬರೆಯೋ ಎಸ್‌ಕ್ಯೂಎಲ್ ಓದಿ

ಕಳೆದ ವರ್ಷ ಬೇಸಿಗೆ ಭತ್ತದ ಕೊಯ್ಲು ಮುಗಿದ ಮೇಲೆ ಒಂದು ದಿನ, ಹೊಳೆಹೊನ್ನೂರಿನಲ್ಲಿರೋ ನಮ್ಮ ಸೋದರಮಾವನ ಗೊಬ್ಬರದ ಅಂಗಡಿಗೆ ಕೂಡ್ಲಿ ಕಡೆಯ ಹಿರಿಯ ರೈತರೊಬ್ಬರು ಬಂದರು. ಮುಂಗಾರಿಗೆ ಮತ್ತೆ ಡಿಎಪಿ, ಯೂರಿಯಾ ಬೇಕಿತ್ತು. ಮಾವ ಕಂಪ್ಯೂಟರಿನಲ್ಲಿ ಹೆಸರು ಹೊಡೆದು ನೋಡಿ, "ಯಜಮಾನ್ರೇ, ಹಿಂದಿನ ಬಾಕಿ ಹಾಗೇ ಇದೆಯಲ್ಲ" ಅಂದರು.

"ಕೊಟ್ಟಿದೀನಲ್ಲ ಸಾವ್ಕಾರ್ರೇ. ನೀವೇ ರಶೀದಿ ಕೊಟ್ರಿ." ಅವರು ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ರಶೀದಿ ನಂಬರ್ 118. ಮಾವ 118 ಅಂತ ಹೊಡೆದರೆ ಕಂಪ್ಯೂಟರ್ ತೋರಿಸಿದ್ದು ಬೇರೆ ಊರಿನ ಬೇರೆ ಯಾರದೋ ಹೆಸರು, ಬೇರೆ ಮೊತ್ತ.

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಎಲ್ಲರೂ ಆ ಚೀಟಿ ಕಡೆ ನೋಡ್ತಿದ್ದರು. "ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?" ಅಂತ ಆ ರೈತರು ಕೇಳಿದ್ದು ಮಾವನನ್ನ. ಆದರೆ ಅದಕ್ಕೆ ಉತ್ತರ ಹೇಳಬೇಕಾದವನು ಮೂಲೆಯಲ್ಲಿ ಮೊಬೈಲ್ ನೋಡ್ತಾ ಕೂತಿದ್ದ ನಾನು. ಯಾಕಂದ್ರೆ ಆ ಪ್ರೋಗ್ರಾಂ ಬರೆದದ್ದು ನಾನೇ.

ಪುಣ್ಯಕ್ಕೆ ಮಾವ ನನ್ನನ್ನ ಪೂರ್ತಿ ನಂಬಿರಲಿಲ್ಲ. ಕಂಪ್ಯೂಟರ್ ಬಂದ ಮೇಲೂ ಕೆಂಪು ರಟ್ಟಿನ ಉದ್ರಿ ಪುಸ್ತಕ ಬರೆಯೋದನ್ನ ಬಿಟ್ಟಿರಲಿಲ್ಲ. ಪುಟ ತಿರುಗಿಸಿದರು. ಆ ದಿನದ ತಾರೀಕು, ಆ ರೈತರ ಹೆಸರು, ಪೂರ್ತಿ ಮೊತ್ತ ಜಮಾ. ಮಾವ ಕೈಮುಗಿದು ತಪ್ಪಾಯ್ತು ಅಂದರು, ಗೊಬ್ಬರ ಕೊಟ್ಟು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು: "ಅಳಿಯಾ, ಈ ಪುಸ್ತಕ ಇಲ್ಲಿವರೆಗೆ ಯಾರನ್ನೂ ಕಳ್ಳ ಮಾಡಿರಲಿಲ್ಲ ಕಣೋ."

ಅದು ನನ್ನ ಮಿನಿ ಪ್ರಾಜೆಕ್ಟ್. ಪೈಥಾನ್, ಫ್ಲಾಸ್ಕ್, ಎಸ್‌ಕ್ಯೂಎಲ್‌ಆಲ್ಕೆಮಿ, ಎಸ್‌ಕ್ಯೂಲೈಟ್. ಕಾಲೇಜಿನಲ್ಲಿ ಒಳ್ಳೇ ಮಾರ್ಕ್ಸ್ ಬಂದಿತ್ತು. ಡೆಮೊದಲ್ಲಿ ಎಲ್ಲಾ ಸರಿಯಾಗೇ ಓಡಿತ್ತು. ಅವತ್ತಿನಿಂದ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನ ಹೇಳೋಕೇ ಈ ಲೇಖನ: ಓಆರ್‌ಎಂ ಬಳಸೋದು ತಪ್ಪಲ್ಲ. ಎಸ್‌ಕ್ಯೂಎಲ್ ಕಲಿಯೋದನ್ನ ತಪ್ಪಿಸಿಕೊಳ್ಳೋಕೆ ಓಆರ್‌ಎಂ ಬಳಸೋದು ತಪ್ಪು. ನಮ್ಮಲ್ಲಿ ಬಹಳ ಜನ ಮಾಡ್ತಿರೋದು ಎರಡನೆಯದು.

ದುಭಾಷಿ ಇದ್ದಾನೆ ಅಂತ ಭಾಷೆ ಬಿಡಬೇಕಾ?

ಹೊಳೆಹೊನ್ನೂರಿಂದ ಸ್ವಲ್ಪ ದೂರ ಹೋದರೆ ಕೂಡ್ಲಿ. ತುಂಗೆ ಒಂದು ಕಡೆಯಿಂದ, ಭದ್ರೆ ಒಂದು ಕಡೆಯಿಂದ ಬಂದು ಅಲ್ಲಿ ಸೇರ್ತಾವೆ. ಓಆರ್‌ಎಂ ಕೂಡ ಇಂಥದ್ದೇ ಒಂದು ಸಂಗಮದ ಜಾಗ. ಒಂದು ಕಡೆ ಪೈಥಾನಿನ ಕ್ಲಾಸು, ಆಬ್ಜೆಕ್ಟು. ಇನ್ನೊಂದು ಕಡೆ ಟೇಬಲ್ಲು, ಸಾಲು, ಕಾಲಂ. ಎರಡೂ ಹುಟ್ಟಿದ್ದು ಬೇರೆ ಬೇರೆ ಕಡೆ. ಟೇಬಲ್‌ಗಳ ರಿಲೇಶನಲ್ ಮಾದರಿಯನ್ನ ಐಬಿಎಂನ ಎಡ್ಗರ್ ಕಾಡ್ 1970ರಲ್ಲೇ ಪ್ರಕಟಿಸಿದ್ದರು. ಪೈಥಾನ್ ಹೊರಗೆ ಬಂದದ್ದು 1991ರಲ್ಲಿ. ನಾವು ‘ರೈತ.ಉದ್ರಿಗಳು’ ಅಂತ ಒಂದು ಚುಕ್ಕೆ ಇಟ್ಟು ಬರೀತೀವಿ. ಓಆರ್‌ಎಂ ಅದನ್ನ ‘ಉದ್ರಿ ಟೇಬಲ್‌ನಲ್ಲಿ ಈ ರೈತನ ಐಡಿ ಇರೋ ಸಾಲುಗಳನ್ನ ಕೊಡು’ ಅನ್ನೋ ಸೆಲೆಕ್ಟ್ ವಾಕ್ಯ ಮಾಡಿ ಡೇಟಾಬೇಸ್‌ಗೆ ಕಳಿಸುತ್ತೆ.

ಅಂದ್ರೆ ಅದು ದುಭಾಷಿ. ದುಭಾಷಿ ಇದ್ದರೆ ಕೆಲಸ ಸುಲಭ, ನಿಜ. ಆದರೆ ಅವನು ಆ ಕಡೆಯವರಿಗೆ ಏನು ಹೇಳಿದ ಅಂತ ನಮಗೆ ಸ್ವಲ್ಪವೂ ಗೊತ್ತಾಗದಿದ್ದರೆ, ಮಾತು ಕೆಟ್ಟ ದಿನ ತಪ್ಪು ಎಲ್ಲಾಯ್ತು ಅಂತ ಹುಡುಕೋದು ಹೇಗೆ? ನಾವು ಡಿಬಿಎಂಎಸ್ ವಿಷಯದಲ್ಲಿ ಎಲ್ಮಾಸ್ರಿ-ನವಾಥೆ ಪುಸ್ತಕ ಓದ್ತೀವಿ, ಅದರ ಎಂಪ್ಲಾಯಿ, ಡಿಪಾರ್ಟ್‌ಮೆಂಟ್ ಟೇಬಲ್‌ಗಳನ್ನ ಬಾಯಿಪಾಠ ಮಾಡ್ತೀವಿ. ಪರೀಕ್ಷೆ ಮುಗಿದ ಮೇಲೆ ಪ್ರಾಜೆಕ್ಟ್‌ಗೆ ಕೂತಾಗ ಅದೆಲ್ಲಾ ಬೇರೆ ಲೋಕ ಅನ್ನೋ ಥರ ಮರೆತುಬಿಡ್ತೀವಿ. ‘ಓಆರ್‌ಎಂ ಇದೆಯಲ್ಲ, ಅದು ನೋಡಿಕೊಳ್ಳುತ್ತೆ.’

ಎಸ್‌ಕ್ಯೂಎಲ್‌ಆಲ್ಕೆಮಿ ಬರೆದವರೇ ಹಾಗೆ ಹೇಳಿಲ್ಲ. ಮೈಕ್ ಬೇಯರ್ 2006ರಲ್ಲಿ ಅದನ್ನ ಹೊರತಂದಾಗಿನಿಂದ ಅದರ ನಿಲುವು ಒಂದೇ: ಎಸ್‌ಕ್ಯೂಎಲ್ ಅನ್ನು ಗೋಡೆ ಹಿಂದೆ ಬಚ್ಚಿಡೋದಿಲ್ಲ, ಎಲ್ಲವನ್ನೂ ಕಾಣೋ ಹಾಗೆ ಇಡ್ತೀವಿ. ಕಣ್ಣು ಮುಚ್ಚಿಕೊಂಡವರು ನಾವು.

ಕಣ್ಣು ತೆಗೆಯೋದಕ್ಕೆ ಒಂದೇ ಸಾಲು ಸಾಕು. ಎಂಜಿನ್ ಮಾಡೋ ಕಡೆ ‘ಎಕೋ’ ಅನ್ನೋ ಆಯ್ಕೆಯನ್ನ ‘ಟ್ರೂ’ ಮಾಡಿ. ಓಆರ್‌ಎಂ ಕಳಿಸೋ ಪ್ರತಿ ವಾಕ್ಯ, ಪ್ರತಿ ಬಿಗಿನ್, ಕಮಿಟ್, ರೋಲ್‌ಬ್ಯಾಕ್ ಟರ್ಮಿನಲ್ ಮೇಲೆ ಬೀಳುತ್ತೆ. ಜಾಂಗೊದವರು ಕ್ವೆರಿಸೆಟ್‌ನ ‘ಕ್ವೆರಿ’ಯನ್ನ ಪ್ರಿಂಟ್ ಮಾಡಿ ನೋಡಬಹುದು, ಇಲ್ಲಾ ಡೀಬಗ್ ಟೂಲ್‌ಬಾರ್ ಹಾಕಿಕೊಳ್ಳಬಹುದು. ಪೀವೀ ಬಳಸೋರಿಗೂ ಇಂಥದ್ದೇ ದಾರಿ ಇದೆ. ನಾನು ಮುಂದೆ ಹೇಳೋ ಒಂದೊಂದು ತೊಂದರೆಯೂ ಈ ಒಂದು ಸಾಲಿನಿಂದ ಹೊರಗೆ ಬಿದ್ದದ್ದು.

ಫ್ಲಶ್ ಆಯ್ತು, ಕಮಿಟ್ ಆಗಲಿಲ್ಲ

ಮೊದಲು 118ರ ಕಥೆ ಮುಗಿಸ್ತೀನಿ. ನನ್ನ ಕೋಡ್ ಹೀಗಿತ್ತು: ಜಮಾ ಆಬ್ಜೆಕ್ಟ್ ಮಾಡು, ಸೆಷನ್‌ಗೆ ಸೇರಿಸು, ರಶೀದಿ ನಂಬರ್ ಬೇಕಲ್ಲ ಅಂತ ‘ಫ್ಲಶ್’ ಮಾಡು, ರಶೀದಿ ಪ್ರಿಂಟ್ ಮಾಡು, ರೈತರಿಗೆ ಎಸ್‌ಎಂಎಸ್ ಕಳಿಸು, ಕೊನೆಗೆ ‘ಕಮಿಟ್’ ಮಾಡು. ಇಷ್ಟನ್ನೂ ಒಂದು ‘ಟ್ರೈ’ ಒಳಗೆ ಹಾಕಿ, ಕೆಳಗೆ ‘ಎಕ್ಸೆಪ್ಟ್, ಪಾಸ್’ ಅಂತ ಬರೆದಿದ್ದೆ. ಡೆಮೊದಲ್ಲಿ ಕೆಂಪು ಎರರ್ ಪೇಜ್ ಬರಬಾರದು ಅಂತ ಮಾಡಿದ ಉಪಾಯ ಅದು.

ಆ ದಿನ ಅಂಗಡಿಯಲ್ಲಿ ಇಂಟರ್ನೆಟ್ ಇರಲಿಲ್ಲ. ರಶೀದಿ ಪ್ರಿಂಟ್ ಆಯ್ತು, ಎಸ್‌ಎಂಎಸ್ ಕಳಿಸೋವಾಗ ಎರರ್ ಬಂತು, ‘ಪಾಸ್’ ಅದನ್ನ ನುಂಗಿಹಾಕಿತು. ಕಮಿಟ್ ತನಕ ಕೋಡ್ ಹೋಗಲೇ ಇಲ್ಲ. ರಿಕ್ವೆಸ್ಟ್ ಮುಗಿದಾಗ ಸೆಷನ್ ಮುಚ್ಚಿತು. ಕಮಿಟ್ ಆಗದೆ ಮುಚ್ಚಿದ ಸೆಷನ್ ರೋಲ್‌ಬ್ಯಾಕ್ ಆಗುತ್ತೆ, ಅದು ನಿಯಮ. ಜಮಾ ಅಳಿಸಿಹೋಯ್ತು. ರಶೀದಿ ಮಾತ್ರ ರೈತರ ಜೇಬಿನಲ್ಲಿ ಉಳೀತು.

ಫ್ಲಶ್ ಅಂದ್ರೆ ಇನ್ಸರ್ಟ್ ವಾಕ್ಯವನ್ನ ಡೇಟಾಬೇಸ್‌ಗೆ ಕಳಿಸೋದು ಅಷ್ಟೇ. ನಂಬರ್ ಸಿಗುತ್ತೆ, ನಮ್ಮದೇ ಸೆಷನ್‌ನಲ್ಲಿ ಸಾಲು ಕಾಣುತ್ತೆ. ಆದರೆ ವಹಿವಾಟು ಇನ್ನೂ ತೆರೆದೇ ಇರುತ್ತೆ. ಪೆನ್ಸಿಲ್‌ನಲ್ಲಿ ಬರೆದ ಹಾಗೆ. ಕಮಿಟ್ ಅಂದ್ರೆ ಶಾಯಿ. ನಾನು ಪೆನ್ಸಿಲ್‌ನಲ್ಲಿ ಬರೆದ ನಂಬರ್ ಅನ್ನು ಶಾಯಿಯ ರಶೀದಿ ಮೇಲೆ ಅಚ್ಚು ಹಾಕಿ ಕೊಟ್ಟಿದ್ದೆ. ಎಸ್‌ಕ್ಯೂಲೈಟ್ ಮಾಮೂಲಿಯಾಗಿ ಮುಂದಿನ ಐಡಿ ಕೊಡೋದು ಟೇಬಲ್‌ನಲ್ಲಿ ಇರೋ ದೊಡ್ಡ ನಂಬರಿಗೆ ಒಂದು ಸೇರಿಸಿ. 118 ಅಳಿಸಿಹೋಗಿದ್ದರಿಂದ ಮುಂದೆ ದುಡ್ಡು ಕೊಟ್ಟವರಿಗೂ 118 ಸಿಕ್ಕಿತು. ಪೋಸ್ಟ್‌ಗ್ರೆಸ್ ಆಗಿದ್ದರೆ ಸೀಕ್ವೆನ್ಸ್ ಹಿಂದಕ್ಕೆ ಬರಲ್ಲ, 118 ಖಾಲಿ ಉಳಿದು 119 ಸಿಗ್ತಿತ್ತು. ಕನಿಷ್ಠ ನಡುವೆ ಒಂದು ನಂಬರ್ ಇಲ್ಲವಲ್ಲ ಅಂತ ಅನುಮಾನ ಬರ್ತಿತ್ತು.

ಎಕೋ ಹಾಕಿ ನೋಡಿದರೆ ಎಲ್ಲಾ ಮೂರು ಸಾಲಲ್ಲಿ ಕಾಣ್ತಿತ್ತು: ಬಿಗಿನ್, ಇನ್ಸರ್ಟ್, ರೋಲ್‌ಬ್ಯಾಕ್. ಸರಿ ಮಾಡಿದ್ದೂ ಸುಲಭ. ಮೊದಲು ಕಮಿಟ್, ಆಮೇಲೆ ರಶೀದಿ, ಆಮೇಲೆ ಎಸ್‌ಎಂಎಸ್. ಡೇಟಾಬೇಸ್ ಕೆಲಸಕ್ಕೆ ‘ವಿತ್ ಸೆಷನ್ ಬಿಗಿನ್’ ಅನ್ನೋ ಬ್ಲಾಕ್: ಒಳಗೆ ಸರಿಯಾದರೆ ತಾನೇ ಕಮಿಟ್, ತಪ್ಪಾದರೆ ತಾನೇ ರೋಲ್‌ಬ್ಯಾಕ್, ಎರರ್ ಮಾತ್ರ ನುಂಗೋದಿಲ್ಲ. ಹಾಗೇ ‘ಎಕ್ಸೆಪ್ಟ್, ಪಾಸ್’ ಅನ್ನೋ ಆ ಎರಡು ಸಾಲನ್ನ ಇಡೀ ಪ್ರಾಜೆಕ್ಟ್‌ನಿಂದ ಕಿತ್ತುಹಾಕಿದೆ.

ಇದರ ಅಣ್ಣತಮ್ಮನಂಥ ಇನ್ನೊಂದು ಎರರ್ ಇದೆ, ಹಾಸ್ಟೆಲ್‌ನಲ್ಲಿ ವಾರಕ್ಕೊಮ್ಮೆ ಯಾರಾದರೂ ಕೇಳ್ತಾರೆ: ‘ಪೆಂಡಿಂಗ್ ರೋಲ್‌ಬ್ಯಾಕ್ ಎರರ್’. ಹಿಂದಿನ ಫ್ಲಶ್‌ನಲ್ಲಿ ಏನೋ ತಪ್ಪಾಗಿ ವಹಿವಾಟು ಹಿಂದಕ್ಕೆ ಹೋಗಿದೆ, ಮೊದಲು ರೋಲ್‌ಬ್ಯಾಕ್ ಕರೀರಿ ಅಂತ ಅದು ಹೇಳುತ್ತೆ. ಇದು ರೋಗ ಅಲ್ಲ, ರೋಗ ಬಂದ ಮೇಲಿನ ಸುಸ್ತು. ಲಾಗ್‌ನಲ್ಲಿ ಮೇಲಕ್ಕೆ ಹೋಗಿ ಮೊದಲ ಎರರ್ ಹುಡುಕಿ. ಹೆಚ್ಚಾಗಿ ಅಲ್ಲೊಂದು ‘ಇಂಟೆಗ್ರಿಟಿ ಎರರ್’ ಇರುತ್ತೆ: ಒಂದೇ ಮೊಬೈಲ್ ನಂಬರ್ ಎರಡು ಸಲ, ಇಲ್ಲಾ ಖಾಲಿ ಬಿಡಬಾರದ ಕಾಲಂ ಖಾಲಿ. ಇಡೀ ಆ್ಯಪ್‌ಗೆ ಒಂದೇ ಗ್ಲೋಬಲ್ ಸೆಷನ್ ಇಟ್ಟುಕೊಂಡವರಿಗೆ ಇದು ಹೆಚ್ಚು ಕಾಡುತ್ತೆ. ಒಬ್ಬರ ತಪ್ಪಿಗೆ ಎಲ್ಲರ ಪೇಜೂ ನಿಂತುಹೋಗುತ್ತೆ. ಒಂದು ರಿಕ್ವೆಸ್ಟ್‌ಗೆ ಒಂದು ಸೆಷನ್, ಕೆಲಸ ಆದಮೇಲೆ ಮುಚ್ಚೋದು. ಮುಚ್ಚದೇ ಬಿಟ್ಟರೆ ಇನ್ನೊಂದು ಕಾಟ: ಎಸ್‌ಕ್ಯೂಎಲ್‌ಆಲ್ಕೆಮಿಯ ಪೂಲ್‌ನಲ್ಲಿ ಮಾಮೂಲಿಯಾಗಿ 5 ಕನೆಕ್ಷನ್, ಮೇಲೆ 10 ಹೆಚ್ಚುವರಿ. ಹದಿನಾರನೆಯವರು 30 ಸೆಕೆಂಡ್ ಕಾದು ‘ಟೈಮ್‌ಔಟ್’ ಅನ್ನಿಸಿಕೊಂಡು ವಾಪಸ್ ಬರ್ತಾರೆ. ಆಗ ಪೂಲ್ ಸೈಜ್ ದೊಡ್ಡದು ಮಾಡೋದು ಮದ್ದಲ್ಲ. ಎಲ್ಲಿ ಮುಚ್ಚಿಲ್ಲ ಅಂತ ಹುಡುಕೋದು ಮದ್ದು.

ಬಾಕಿ ಪಟ್ಟಿ ತೆರೆಯೋದು ನಿಧಾನ ಯಾಕೆ?

ಮನೆಯಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಐದು ಜನ ಸುಳ್ಳು ರೈತರನ್ನ ಹಾಕಿ ಟೆಸ್ಟ್ ಮಾಡಿದ್ದೆ. ಪೇಜ್ ಕಣ್ಣು ಮಿಟುಕಿಸೋದರಲ್ಲಿ ತೆರೀತಿತ್ತು. ಮುಂದೆ ಡೇಟಾವನ್ನ ದೂರದ ಸರ್ವರ್‌ನ ಪೋಸ್ಟ್‌ಗ್ರೆಸ್‌ಗೆ ಹಾಕಿದ ಮೇಲೆ ಬಾಕಿ ಪಟ್ಟಿ ಒತ್ತಿ ಮಾವ ಕಾಫಿ ಕುಡಿದು ಬರ್ತಿದ್ದರು.

ಎಕೋ ಹಾಕಿದೆ. ಟರ್ಮಿನಲ್ ಓಡ್ತಾನೇ ಇತ್ತು. ರೈತರ ಪಟ್ಟಿಗೆ ಒಂದು ಸೆಲೆಕ್ಟ್, ಆಮೇಲೆ ಒಬ್ಬೊಬ್ಬ ರೈತನ ಉದ್ರಿಗೂ ಒಂದೊಂದು ಸೆಲೆಕ್ಟ್. ಇದೇ ಹೆಸರುವಾಸಿ ‘ಎನ್ ಪ್ಲಸ್ ಒನ್’ ತೊಂದರೆ. ರೈತರು 300 ಜನ ಅಂದುಕೊಳ್ಳಿ, ಒಂದು ಪ್ರಶ್ನೆ ಹೋಗಿ ಉತ್ತರ ಬರೋಕೆ 50 ಮಿಲಿಸೆಕೆಂಡ್ ಅಂದುಕೊಳ್ಳಿ. 301 ಪ್ರಶ್ನೆಗೆ 15 ಸೆಕೆಂಡ್ ಬರೀ ಓಡಾಟಕ್ಕೇ ಹೋಯ್ತು. ಪೇಟೆಗೆ ಒಂದು ಸಲ ಪಟ್ಟಿ ಹಿಡ್ಕೊಂಡು ಹೋಗಿ ಎಲ್ಲಾ ತರೋದು ಬಿಟ್ಟು, ಉಪ್ಪಿಗೊಂದು ಸಲ, ಬೆಲ್ಲಕ್ಕೊಂದು ಸಲ ಬಸ್ಸು ಹತ್ತಿದ ಹಾಗೆ.

ಓಆರ್‌ಎಂ ಹೀಗೆ ಮಾಡೋದು ಸೋಮಾರಿತನದಿಂದಲ್ಲ, ಉಳಿತಾಯಕ್ಕೆ. ಕೇಳೋವರೆಗೂ ತರಲ್ಲ, ಅದನ್ನ ಲೇಜಿ ಲೋಡಿಂಗ್ ಅಂತಾರೆ. ನಾನು ಲೂಪ್ ಒಳಗೆ ಒಬ್ಬೊಬ್ಬರಿಗೂ ಕೇಳಿದ್ದು ನನ್ನ ತಪ್ಪು. ಮೊದಲೇ ‘ಉದ್ರಿಗಳೂ ಬೇಕು’ ಅಂತ ಹೇಳಿದರೆ ಆಯ್ತು. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಅದಕ್ಕೆ ‘ಸೆಲೆಕ್ಟ್‌ಇನ್‌ಲೋಡ್’ ಇದೆ. 301 ಇದ್ದದ್ದು 2 ಆಗುತ್ತೆ. ಜಾಂಗೊದಲ್ಲಿ ‘ಪ್ರಿಫೆಚ್ ರಿಲೇಟೆಡ್’. ಆದರೆ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿ: ಬಾಕಿ ಪಟ್ಟಿಗೆ ಬೇಕಿರೋದು ಪ್ರತಿ ಉದ್ರಿಯ ವಿವರ ಅಲ್ಲ, ಒಟ್ಟು ಮೊತ್ತ. ಕೂಡೋ ಕೆಲಸ ಪೈಥಾನ್‌ನಲ್ಲಿ ಯಾಕೆ? ‘ಸಮ್’, ‘ಗ್ರೂಪ್ ಬೈ’ ಹಾಕಿದರೆ ಒಂದೇ ಪ್ರಶ್ನೆ, ಒಬ್ಬರಿಗೆ ಒಂದೇ ಸಾಲು. ಈ ಉತ್ತರ ಹೊಳೆಯೋದು ಡಿಬಿಎಂಎಸ್ ಲ್ಯಾಬ್‌ನಲ್ಲಿ ಗ್ರೂಪ್ ಬೈ ಮಾಡಿದ್ದು ನೆನಪಿದ್ದವರಿಗೆ ಮಾತ್ರ.

ಲೇಜಿ ಲೋಡಿಂಗ್‌ನ ಇನ್ನೊಂದು ಮುಖ ‘ಡಿಟ್ಯಾಚ್ಡ್ ಇನ್‌ಸ್ಟನ್ಸ್ ಎರರ್’. ಸೆಷನ್ ಮುಚ್ಚಿದ ಮೇಲೆ ಟೆಂಪ್ಲೇಟ್‌ನಲ್ಲಿ ‘ರೈತ.ಉದ್ರಿಗಳು’ ಅಂದರೆ, ಕೇಳೋಕೆ ದಾರಿಯೇ ಇಲ್ಲ ಅಂತ ಅದು ಕೂಗುತ್ತೆ. ಕಮಿಟ್ ಆದ ಮೇಲೆ ಆಬ್ಜೆಕ್ಟ್‌ನ ಬೆಲೆಗಳೆಲ್ಲಾ ಹಳತಾಯ್ತು ಅಂತ ಗುರುತು ಬೀಳೋದರಿಂದ, ಕಮಿಟ್ ಮಾಡಿ ಸೆಷನ್ ಮುಚ್ಚಿದರೆ ಬರೀ ಹೆಸರು ಕೇಳಿದರೂ ಇದೇ ಎರರ್. ಇದಕ್ಕೆ ಸೆಷನ್ ಮುಚ್ಚೋದನ್ನೇ ಬಿಟ್ಟುಬಿಡೋದು ನಾವು ಕಂಡುಕೊಂಡಿರೋ ಶಾರ್ಟ್‌ಕಟ್. ಬೇಡ. ಬೇಕಾದ್ದನ್ನ ಸೆಷನ್ ತೆರೆದಿರುವಾಗಲೇ ತಂದಿಟ್ಟುಕೊಳ್ಳಿ.

ಹೊಸ ಕಾಲಂ, ಹಳೇ ಟೇಬಲ್

ಮಾಡೆಲ್ ಕ್ಲಾಸ್‌ಗೆ ‘ಗ್ರಾಮ’ ಅಂತ ಒಂದು ಕಾಲಂ ಸೇರಿಸಿದಿರಿ. ‘ಕ್ರಿಯೇಟ್ ಆಲ್’ ಓಡಿಸಿದಿರಿ. ಆದರೂ ‘ಅಂಥ ಕಾಲಂ ಇಲ್ಲ’ ಅಂತ ಎರರ್. ಯಾಕಂದ್ರೆ ಕ್ರಿಯೇಟ್ ಆಲ್ ಇಲ್ಲದ ಟೇಬಲ್ ಮಾಡುತ್ತೆ, ಇರೋ ಟೇಬಲ್ ಮುಟ್ಟೋದೇ ಇಲ್ಲ. ಇದಕ್ಕೆ ಕ್ಯಾಂಪಸ್‌ನಲ್ಲಿ ಎಲ್ಲರಿಗೂ ಗೊತ್ತಿರೋ ಮದ್ದು: ಡಿಬಿ ಫೈಲ್ ಡಿಲೀಟ್ ಮಾಡಿ ಮತ್ತೆ ಓಡಿಸು. ಸೀನಿಯರ್‌ನಿಂದ ಜೂನಿಯರ್‌ಗೆ ದಾಟಿ ಬಂದಿರೋ ಜ್ಞಾನ ಇದು. ಐದು ಸುಳ್ಳು ರೈತರಿದ್ದಾಗ ಸರಿ. ಒಂದು ವರ್ಷದ ಉದ್ರಿ ಲೆಕ್ಕ ಇರೋ ಫೈಲ್ ಡಿಲೀಟ್ ಮಾಡಿದರೆ ಅದು ಅಂಗಡಿಗೆ ಬೆಂಕಿ ಇಟ್ಟ ಹಾಗೆ.

ಇಲ್ಲಿ ನಮ್ಮ ರಾಜ್ಯದ್ದೇ ಒಂದು ದೊಡ್ಡ ಉದಾಹರಣೆ ಇದೆ. ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಕೈಬರಹದ ಪಹಣಿಗಳನ್ನ ಕಂಪ್ಯೂಟರ್‌ಗೆ ತಂದಿತು. ಅದರಲ್ಲಿ ಓಆರ್‌ಎಂ ಇತ್ತಾ ಇಲ್ಲವಾ ಅನ್ನೋದು ನನ್ನ ಮಾತಲ್ಲ, ಅಲ್ಲಿನ ಪದ್ಧತಿ ನೋಡಿ. ಜಮೀನು ಕೈ ಬದಲಾದರೆ ಯಾರೂ ಹಳೇ ಹೆಸರು ಉಜ್ಜಿ ಹೊಸ ಹೆಸರು ಬರೆಯಲ್ಲ. ಮ್ಯುಟೇಶನ್ ಅರ್ಜಿ, ಅದಕ್ಕೊಂದು ನಂಬರ್, ನೋಟಿಸ್, ತಕರಾರು ಇದೆಯಾ ಅಂತ ಕಾಯೋದು, ಆಮೇಲೆ ಬದಲಾವಣೆ. ಯಾವ ಬದಲಾವಣೆ ಯಾಕೆ ಆಯ್ತು ಅಂತ ಹಿಂದಕ್ಕೆ ಹೋಗಿ ಹೇಳಬಹುದು. ಹಳ್ಳಿಯಲ್ಲಿ ಓದು ಬಾರದವರಿಗೂ ಎಂಆರ್ ನಂಬರ್ ಅಂದರೆ ಗೊತ್ತು.

ಟೇಬಲ್‌ಗಳಿಗೆ ಇದೇ ಕೆಲಸ ಮಾಡೋದು ಮೈಗ್ರೇಶನ್. ಎಸ್‌ಕ್ಯೂಎಲ್‌ಆಲ್ಕೆಮಿಗೆ ಅಲೆಂಬಿಕ್, ಜಾಂಗೊಗೆ ಅದರದೇ ವ್ಯವಸ್ಥೆ. ಆದರೆ ಇಲ್ಲೂ ಕಣ್ಣು ಮುಚ್ಚಬೇಡಿ. ‘ಫೋನ್’ ಅನ್ನೋ ಕಾಲಂ ಹೆಸರನ್ನ ‘ಮೊಬೈಲ್’ ಅಂತ ಬದಲಾಯಿಸಿ ಅಲೆಂಬಿಕ್‌ಗೆ ‘ನೀನೇ ಮೈಗ್ರೇಶನ್ ಬರಿ’ ಅಂದರೆ, ಅದಕ್ಕೆ ಹೆಸರು ಬದಲಾಗಿದೆ ಅಂತ ತಿಳಿಯಲ್ಲ. ಒಂದು ಕಾಲಂ ಹೋಯ್ತು, ಇನ್ನೊಂದು ಬಂತು ಅಂತ ಅಂದುಕೊಂಡು ಮೊಬೈಲ್ ಸೇರಿಸು, ಫೋನ್ ಅಳಿಸು ಅಂತ ಬರೆಯುತ್ತೆ. ಓದದೇ ಓಡಿಸಿದರೆ ಎಲ್ಲರ ನಂಬರೂ ಹೋಯ್ತು. ಆ ಫೈಲ್ ಇಪ್ಪತ್ತು ಸಾಲು ಇರಬಹುದು. ಓಡಿಸೋ ಮುಂಚೆ ಓದಿ, ಡಿಬಿ ಫೈಲ್‌ನ ಒಂದು ಕಾಪಿ ಇಟ್ಟುಕೊಳ್ಳಿ.

ಎರಡು ಹೊಳೆಹೊನ್ನೂರು

ಇದು ಕನ್ನಡದಲ್ಲಿ ಡೇಟಾ ಇಡೋ ನಮಗೇ ಬರೋ ತೊಂದರೆ, ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಸುಲಭಕ್ಕೆ ಸಿಗಲ್ಲ. ನನ್ನ ಊರಿನ ಪಟ್ಟಿಯಲ್ಲಿ ‘ಹೊಳೆಹೊನ್ನೂರು’ ಎರಡು ಸಲ ಬರ್ತಿತ್ತು. ಎರಡೂ ನೋಡೋಕೆ ಒಂದೇ. ಒಂದನ್ನ ಆರಿಸಿದರೆ ಅರ್ಧ ಜನ, ಇನ್ನೊಂದನ್ನ ಆರಿಸಿದರೆ ಉಳಿದ ಅರ್ಧ.

ಪೈಥಾನ್‌ನಲ್ಲಿ ಉದ್ದ ಕೇಳಿದೆ. ಒಂದು 12 ಅಂತು, ಇನ್ನೊಂದು 14. ನಮ್ಮ ಕಣ್ಣಿಗೆ ಅದು ಐದೇ ಅಕ್ಷರ. ಗುಟ್ಟು ‘ಹೊ’ದಲ್ಲಿತ್ತು. ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನ ಒಂದೇ ಕೋಡ್ ಆಗಿ ಬರೆಯಬಹುದು, ಇಲ್ಲಾ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಅಂತ ಎರಡು ಕೋಡ್ ಆಗಿಯೂ ಬರೆಯಬಹುದು. ಪರದೆ ಮೇಲೆ ಒಂದೇ ಥರ ಕಾಣುತ್ತೆ. ಮಾವನ ಹಳೇ ಗಿರಾಕಿಗಳ ಪಟ್ಟಿ ನುಡಿಯ ಹಳೇ ಫಾಂಟ್‌ನಲ್ಲಿತ್ತು. ಅಲ್ಲಿ ಅಕ್ಷರ ಕಟ್ಟೋದು ತುಂಡು ತುಂಡು ಆಕಾರಗಳಿಂದ. ನಾನು ಬರೆದ ಕನ್ವರ್ಟರ್ ಆ ತುಂಡುಗಳನ್ನ ಹಾಗೇ ಯೂನಿಕೋಡ್‌ಗೆ ದಾಟಿಸಿತ್ತು. ಹೆಸರಲ್ಲಿ ‘ಹೊ’ ಎರಡು ಸಲ ಇರೋದರಿಂದ 12 ಹೋಗಿ 14. ಎಸ್‌ಕ್ಯೂಲೈಟ್ ಆಗಲಿ, ಮಾಮೂಲಿ ಸೆಟ್ಟಿಂಗ್‌ನ ಪೋಸ್ಟ್‌ಗ್ರೆಸ್ ಆಗಲಿ ಇವೆರಡನ್ನ ಬೇರೆ ಪದ ಅಂತಲೇ ನೋಡುತ್ತೆ.

ಮದ್ದು ಎನ್‌ಎಫ್‌ಸಿ ನಾರ್ಮಲೈಸೇಶನ್. ಪೈಥಾನ್ ಜೊತೆಗೇ ಬರೋ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿದೆ. ಓಆರ್‌ಎಂನ ನಿಜವಾದ ಉಪಕಾರ ಗೊತ್ತಾಗೋದು ಇಲ್ಲೇ. ‘ಕನ್ನಡ ಪಠ್ಯ’ ಅನ್ನೋ ನಮ್ಮದೇ ಒಂದು ಟೈಪ್ ಅನ್ನು ‘ಟೈಪ್ ಡೆಕೋರೇಟರ್’ನಿಂದ ಮಾಡಿಕೊಂಡರೆ, ಬರೆಯೋವಾಗಲೂ ಹುಡುಕೋವಾಗಲೂ ಪದ ತಾನೇ ಒಂದೇ ರೂಪಕ್ಕೆ ಬರುತ್ತೆ. ಐವತ್ತು ಕಡೆ ಮಾಡೋ ಕೆಲಸ ಒಂದು ಕಡೆ. ಹಳೇ ಸಾಲುಗಳನ್ನ ಮಾತ್ರ ಒಂದು ಸಲ ಕೂತು ಸರಿ ಮಾಡಬೇಕು. ಕಣ್ಣಿಗೆ ಕಾಣದ ಜೋಡಕ, ವಿಯೋಜಕ ಚಿಹ್ನೆಗಳು ಎನ್‌ಎಫ್‌ಸಿಯಿಂದ ಹೋಗಲ್ಲ, ಅವನ್ನ ಬೇರೆಯಾಗಿ ನೋಡಿಕೊಳ್ಳಿ. ಇನ್ನು ಮೈಎಸ್‌ಕ್ಯೂಎಲ್‌ನಲ್ಲಿ ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ, ಟೇಬಲ್ಲೋ ಕನೆಕ್ಷನ್ನೋ ಇನ್ನೂ ಲ್ಯಾಟಿನ್ ಕ್ಯಾರೆಕ್ಟರ್ ಸೆಟ್‌ನಲ್ಲಿದೆ ಅಂತ ಅರ್ಥ. ‘ಯುಟಿಎಫ್8ಎಂಬಿ4’ ಮಾಡಿ. ಆದರೆ ಒಂದು ಸಲ ಪ್ರಶ್ನಾರ್ಥಕ ಆಗಿ ಉಳಿದದ್ದು ಮತ್ತೆ ಕನ್ನಡ ಆಗಲ್ಲ.

ಎರರ್ ಬರದ ತಪ್ಪು

ಬಾಕಿ ಇರೋ ಹೊಳೆಹೊನ್ನೂರಿನವರಿಗೆ ಮಾತ್ರ ನೆನಪಿನ ಎಸ್‌ಎಂಎಸ್ ಹೋಗಲಿ ಅಂತ ಒಂದು ಫಿಲ್ಟರ್ ಬರೆದೆ: ಊರು ಹೊಳೆಹೊನ್ನೂರು ‘ಆಂಡ್’ ಬಾಕಿ ಸೊನ್ನೆಗಿಂತ ಹೆಚ್ಚು. ನಡುವೆ ಹಾಕಿದ್ದು ಪೈಥಾನಿನ ಮಾಮೂಲಿ ‘ಆಂಡ್’. ಎರರ್ ಬರಲಿಲ್ಲ. ಕಳಿಸೋ ಮುಂಚೆ ಎಕೋ ನೋಡಿದೆ: ‘ವೇರ್’ ಆದ ಮೇಲೆ ಊರಿನ ಷರತ್ತು ಮಾತ್ರ ಇದೆ, ಬಾಕಿ ಮಾತೇ ಇಲ್ಲ! ಪೈಥಾನಿನ ‘ಆಂಡ್’ ಮೊದಲ ಷರತ್ತು ನಿಜವಾ ಸುಳ್ಳಾ ಅಂತ ಅಲ್ಲೇ ತೀರ್ಮಾನ ಮಾಡೋಕೆ ಹೋಗುತ್ತೆ, ಎರಡನೆಯದನ್ನ ಬಿಟ್ಟುಬಿಡುತ್ತೆ. ಷರತ್ತುಗಳನ್ನ ಅದಲು ಬದಲು ಮಾಡಿದ್ದರೆ ಎರರ್ ಆದರೂ ಬರ್ತಿತ್ತು. ಷರತ್ತುಗಳ ನಡುವೆ ಕಾಮಾ ಹಾಕಿ, ಇಲ್ಲಾ ಓಆರ್‌ಎಂನದೇ ‘ಆಂಡ್’ ಬಳಸಿ. ಹಾಗೇ ಫಿಲ್ಟರ್ ಒಳಗೆ ಪೈಥಾನಿನ ‘ಇಸ್ ನನ್’ ಬರೆದರೆ ಒಂದು ಸಾಲೂ ಬರಲ್ಲ, ಎರರೂ ಬರಲ್ಲ.

ಒಂದು ಸಲ ಯೋಚಿಸಿ. ಎಕೋ ನೋಡದೇ ಕಳಿಸಿದ್ದರೆ, ಪೂರ್ತಿ ದುಡ್ಡು ಕಟ್ಟಿದ ಊರಿನ ಎಲ್ಲರಿಗೂ ‘ನಿಮ್ಮ ಬಾಕಿ ಕಟ್ಟಿ’ ಅಂತ ಮೆಸೇಜ್ ಹೋಗ್ತಿತ್ತು. ಒಬ್ಬರ ಮುಂದೆ ತಲೆ ತಗ್ಗಿಸಿದ್ದು ಸಾಲದು ಅಂತ ಇಡೀ ಊರಿನ ಮುಂದೆ.

ಹಾಗಾದ್ರೆ ಓಆರ್‌ಎಂ ಬೇಡವಾ?

ಇಷ್ಟು ಕೇಳಿದ ಮೇಲೆ ಕೆಲವರು ಹೇಳ್ತಾರೆ: ‘ಇಷ್ಟೆಲ್ಲಾ ಕಾಟ ಯಾಕೆ, ನೇರ ಎಸ್‌ಕ್ಯೂಎಲ್ ಬರೆದುಬಿಡೋಣ.’ ನಾನು ಒಪ್ಪಲ್ಲ. ನಮ್ಮಲ್ಲಿ ನೇರ ಎಸ್‌ಕ್ಯೂಎಲ್ ಅಂದರೆ ಎಫ್-ಸ್ಟ್ರಿಂಗ್ ಒಳಗೆ ಹೆಸರು ತುರುಕೋದು. ಹೆಸರಲ್ಲಿ ಒಂದು ಅಪಾಸ್ಟ್ರಫಿ ಇರೋ ಡಿ'ಸೋಜ ಅನ್ನೋರು ಬಂದರೆ ಕ್ವೆರಿ ಮುರೀತು. ಕೆಟ್ಟ ಬುದ್ಧಿ ಇರೋರು ಬಂದರೆ ಟೇಬಲ್ಲೇ ಹೋಯ್ತು. ಓಆರ್‌ಎಂ ಬೆಲೆಗಳನ್ನ ಬೇರೆಯಾಗಿ ಕಳಿಸೋದರಿಂದ ಮಾಮೂಲಿ ಬಳಕೆಯಲ್ಲಿ ಆ ಭಯ ಇಲ್ಲ. ‘ಕನ್ನಡ ಪಠ್ಯ’ದಂಥ ಉಪಕಾರ ಬೇರೆ. ಎಸ್‌ಕ್ಯೂಲೈಟ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋದಾಗ ನಾನು ಕೋಡ್ ಬದಲಾಯಿಸಿದ್ದು ಬಹಳ ಕಡಿಮೆ.

ಇನ್ನು ಕೆಲವರು: ‘ಎರರ್ ಕಾಪಿ ಮಾಡಿ ಎಐಗೆ ಕೊಟ್ಟರೆ ಸರಿ ಮಾಡಿಕೊಡುತ್ತೆ.’ ಕೊಡುತ್ತೆ, ನಾನೂ ಕೇಳ್ತೀನಿ. ಆದರೆ ಎಣಿಸಿ ನೋಡಿ: ಕಳೆದುಹೋದ ಜಮಾ, ಎರಡು ಹೊಳೆಹೊನ್ನೂರು, ಅರ್ಧ ಫಿಲ್ಟರ್. ನನಗೆ ನಿಜವಾಗಿ ನೋವು ಕೊಟ್ಟ ಈ ಮೂರರಲ್ಲೂ ಎರರ್ ಮೆಸೇಜೇ ಇರಲಿಲ್ಲ. ಕಾಪಿ ಮಾಡೋಕೆ ಏನಿದೆ? ತಪ್ಪಾಗಿದೆ ಅಂತ ಮೊದಲು ನಮಗೆ ಕಾಣಬೇಕು, ಕಂಡ ಮೇಲೆ ಯಾರನ್ನ ಬೇಕಾದರೂ ಕೇಳಬಹುದು.

ನಮ್ಮ ಪ್ರಾಜೆಕ್ಟ್ ನೋಡೋ ಮೇಷ್ಟ್ರುಗಳಿಗೆ, ಗೆಳೆಯರಿಗೆ ನನ್ನದೊಂದು ಸಣ್ಣ ಕೋರಿಕೆ. ವೈವಾದಲ್ಲಿ ‘ಓಆರ್‌ಎಂ ಅಂದರೇನು, ವಿಸ್ತರಿಸಿ’ ಅಂತ ಕೇಳೋದು ಸಾಕು. ಎಕೋ ಹಾಕಿಸಿ, ಒಂದು ಪೇಜ್ ತೆರೆಸಿ, ‘ಇದರಲ್ಲಿ ಎಷ್ಟು ಕ್ವೆರಿ ಹೋಯ್ತು, ಎಲ್ಲಿ ಕಮಿಟ್ ಆಯ್ತು, ತೋರಿಸಪ್ಪಾ’ ಅನ್ನಿ. ಐದು ನಿಮಿಷದ ಕೆಲಸ. ನನಗೆ ಯಾರಾದರೂ ಆ ಪ್ರಶ್ನೆ ಕೇಳಿದ್ದರೆ ನಾನು ಮಾರ್ಕ್ಸ್ ಕಳ್ಕೊಳ್ತಿದ್ದೆ. ಆ ರೈತರು ನಾಲ್ಕು ಜನರ ಮುಂದೆ ಜೇಬಿಂದ ಚೀಟಿ ತೆಗೆದು ತೋರಿಸೋ ಗತಿ ಬರ್ತಿರಲಿಲ್ಲ.

ಮುಂದಿನ ವಾರವೇ ಅವರು ಮತ್ತೆ ಅಂಗಡಿಗೆ ಬಂದಿದ್ದರು, ನಾನೂ ಇದ್ದೆ. ತಪ್ಪು ನಂದು ಅಂತ ಹೇಳಿದೆ. "ಆಯ್ತು ಬಿಡಪ್ಪಾ, ಕಲೀತಾ ಇದೀಯ" ಅಂದರು. ಆದರೆ ದುಡ್ಡು ಕೊಟ್ಟ ಮೇಲೆ ಕಂಪ್ಯೂಟರ್ ರಶೀದಿ ಇಸ್ಕೊಂಡು, ಮಾವ ಪುಸ್ತಕದಲ್ಲಿ ಬರೆಯೋವರೆಗೂ ಅಲ್ಲೇ ನಿಂತಿದ್ದರು.

ಮಾವ ಈಗಲೂ ಪುಸ್ತಕ ಬರೀತಾರೆ. ನಿಲ್ಲಿಸಿ ಅಂತ ನಾನು ಹೇಳಿಲ್ಲ. ಊರಿಗೆ ಹೋದಾಗ ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ಇಬ್ಬರೂ ಕೂತು ಪುಸ್ತಕ, ಕಂಪ್ಯೂಟರ್ ಎರಡನ್ನೂ ತಾಳೆ ನೋಡ್ತೀವಿ. ಒಂದು ವರ್ಷ ಪೂರ್ತಿ ಒಂದು ರೂಪಾಯಿ ವ್ಯತ್ಯಾಸ ಇಲ್ಲದೇ ತಾಳೆಯಾಗಲಿ. ಆಮೇಲೆ ಕೇಳ್ತೀನಿ.